ಹಣೆಬರಹವಲ್ಲ, ಮನುಷ್ಯರ ಕೈಬರಹ

ತೊಗರಿಯ ರಾಶಿ ಮುಗಿಯುತ್ತಿದ್ದಂತೆ ಗುರುಮಠಕಲ್ ಬಸ್ ನಿಲ್ದಾಣದಲ್ಲಿ ಪ್ರತಿವರ್ಷ ಕಾಣಸಿಗುವ ಒಂದು ನೋಟವಿದೆ. ಗೋಣಿಚೀಲದಲ್ಲಿ ಪಾತ್ರೆ, ಜೋಳದ ಹಿಟ್ಟು, ಹಾಸಿಗೆ ಕಟ್ಟಿಕೊಂಡ ಕುಟುಂಬಗಳು ಹೈದರಾಬಾದ್, ಬೆಂಗಳೂರು, ಪುಣೆ, ಮುಂಬಯಿಗಳತ್ತ ಗುಳೆ ಹೊರಡುತ್ತವೆ. ದಲಿತರು, ಕಬ್ಬಲಿಗರು, ತಾಂಡಾದ ಲಂಬಾಣಿಗಳು, ನಮ್ಮ ಮುಸ್ಲಿಮ್ ಬಂಧುಗಳು, ಎಲ್ಲರೂ ಆ ಸಾಲಿನಲ್ಲಿರುತ್ತಾರೆ. ಅವರೊಂದಿಗೆ ಶಾಲೆಯನ್ನು ನಡುವೆಯೇ ಬಿಟ್ಟ ಮಕ್ಕಳೂ ಇರುತ್ತಾರೆ. ಯಾಕೆ ಹೀಗೆ ಎಂದು ಕೇಳಿದರೆ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದೇ: ‘ನಮ್ಮ ನಸೀಬಿನಲ್ಲಿ ಬರೆದದ್ದು ಇಷ್ಟೇ.’

ಈ ಉತ್ತರ ಎಷ್ಟರ ಮಟ್ಟಿಗೆ ಸರಿ? ವಿಧಿಯಲ್ಲಿ ವಿಶ್ವಾಸವಿರಿಸುವುದು ಈಮಾನಿನ ಅಂಗ. ಆದರೆ ಮನುಷ್ಯರು ಮಾಡಿದ ಅನ್ಯಾಯವನ್ನು ವಿಧಿಯ ಹೆಸರಿನಲ್ಲಿ ಮರೆಮಾಚುವುದು ಈಮಾನ್ ಅಲ್ಲ. ಅಸಮಾನತೆ ಹೇಗೆ ಹುಟ್ಟುತ್ತದೆ, ತಲೆಮಾರಿನಿಂದ ತಲೆಮಾರಿಗೆ ಹೇಗೆ ದಾಟುತ್ತದೆ ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ಪರಿಶೀಲಿಸೋಣ. ಮನೆಯ ತಪ್ಪಿಗಿಂತ ನೆರೆಮನೆಯ ತಪ್ಪು ಕಣ್ಣಿಗೆ ಬೇಗ ಕಾಣುವುದರಿಂದ, ಮೊದಲು ಜಗತ್ತಿನ ಅತ್ಯಂತ ಸಿರಿವಂತ ರಾಷ್ಟ್ರವಾದ ಅಮೆರಿಕವನ್ನು ನೋಡೋಣ.

ಸಂಕೋಲೆ ಕಳಚಿತು, ಲೆಕ್ಕ ತೀರಲಿಲ್ಲ

1776ರಲ್ಲಿ ಅಮೆರಿಕವು ಎಲ್ಲ ಮನುಷ್ಯರೂ ಸಮಾನರೆಂದು ಸಾರಿ ಸ್ವಾತಂತ್ರ್ಯ ಘೋಷಿಸಿಕೊಂಡಿತು. ಆದರೆ ಇಂಗ್ಲಿಷರ ವರ್ಜೀನಿಯಾ ವಸಾಹತಿಗೆ ಆಫ್ರಿಕನ್ನರನ್ನು ಬಂಧಿಗಳಾಗಿ ತಂದಿಳಿಸುವ ಪರಿಪಾಠ 1619ರಲ್ಲೇ ಆರಂಭವಾಗಿತ್ತು. ಮುಂದೆ ದಕ್ಷಿಣದ ಹಲವು ರಾಜ್ಯಗಳು ಗುಲಾಮರಿಗೆ ಅಕ್ಷರ ಕಲಿಸುವುದನ್ನೇ ಅಪರಾಧವೆಂದು ಕಾನೂನು ಮಾಡಿದವು. ಅಕ್ಷರ ಬಂದವನು ಪ್ರಶ್ನೆ ಕೇಳುತ್ತಾನೆಂಬ ಭಯ ಒಡೆಯರಿಗಿತ್ತು. ಹೀಗೆ ಸೆರೆಯಾದವರಲ್ಲಿ ಮುಸ್ಲಿಮರೂ ಬಹಳ ಮಂದಿ ಇದ್ದರು. ಪಶ್ಚಿಮ ಆಫ್ರಿಕದ ಉಮರ್ ಇಬ್ನ್ ಸಈದ್ ಎಂಬ ವಿದ್ವಾಂಸರನ್ನು 1807ರಲ್ಲಿ ಹಡಗಿನಲ್ಲಿ ತಂದು ಮಾರಲಾಯಿತು. 1831ರಲ್ಲಿ ಅವರು ತಮ್ಮ ಜೀವನ ವೃತ್ತಾಂತವನ್ನು ಅರಬಿ ಭಾಷೆಯಲ್ಲಿ ಬರೆದರು. ಅಂಥ ವಿದ್ಯಾವಂತ ವ್ಯಕ್ತಿ 1864ರಲ್ಲಿ ಗುಲಾಮರಾಗಿಯೇ ತೀರಿಕೊಂಡರು.

ಮರುವರ್ಷ, 1865ರಲ್ಲಿ, ಸಂವಿಧಾನದ 13ನೇ ತಿದ್ದುಪಡಿಯಿಂದ ಗುಲಾಮಗಿರಿ ರದ್ದಾಯಿತು. ಆದರೆ ಬಿಡುಗಡೆಯಾದವರ ಕೈಯಲ್ಲಿ ಏನಿತ್ತು? ಆ ವರ್ಷದ ಆರಂಭದಲ್ಲಿ ಸೇನಾಧಿಕಾರಿ ಶೆರ್ಮನ್ ಕರಾವಳಿಯ ಜಮೀನನ್ನು ಕುಟುಂಬಕ್ಕೆ 40 ಎಕರೆಯವರೆಗೆ ಹಂಚಲು ಹೊರಡಿಸಿದ್ದ ಆಜ್ಞೆಯನ್ನು ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಅದೇ ವರ್ಷ ಹಿಂದಕ್ಕೆ ಪಡೆದರು. ಭೂಮಿ ಹಳೆಯ ಒಡೆಯರಿಗೇ ಮರಳಿತು. ಬಿಡುಗಡೆಯಾದವನು ಅದೇ ಹೊಲದಲ್ಲಿ ಪಾಲಿಗೆ ದುಡಿದು, ಅದೇ ಒಡೆಯನ ಅಂಗಡಿಯಲ್ಲಿ ಸಾಲಗಾರನಾದನು. ಇನ್ನೂ ವಿಚಿತ್ರವೆಂದರೆ, 1862ರಲ್ಲಿ ವಾಷಿಂಗ್ಟನ್ ನಗರದಲ್ಲಿ ಗುಲಾಮರನ್ನು ಬಿಡಿಸಿದಾಗ ಪರಿಹಾರ ದೊರೆತದ್ದು ಒಡೆಯರಿಗೆ, ತಲೆಗೆ 300 ಡಾಲರ್‌ವರೆಗೆ! ಅದೇ ವರ್ಷ ಪಶ್ಚಿಮದ ಬಯಲಿನಲ್ಲಿ ಕುಟುಂಬಕ್ಕೆ 160 ಎಕರೆ ಕೊಡುವ ಕಾನೂನು ಬಂದಿತು. ಮೂಲನಿವಾಸಿಗಳಿಂದ ಕಿತ್ತುಕೊಂಡ ಆ ಭೂಮಿಯ ಬಹುಪಾಲು ಬಿಳಿಯರಿಗೆ ಸಂದಿತು. 1930ರ ದಶಕದಲ್ಲಿ ಸರಕಾರದ ಭರವಸೆಯಿಂದ ಮನೆಸಾಲಗಳು ಸುಲಭವಾದಾಗ, ಕಪ್ಪು ವರ್ಣೀಯರ ಬಡಾವಣೆಗಳನ್ನು ನಕ್ಷೆಯಲ್ಲಿ ಕೆಂಪು ಬಣ್ಣದಿಂದ ಗುರುತಿಸಿ ದೂರವಿಡಲಾಯಿತು.

1964 ಮತ್ತು 1965ರ ನಾಗರಿಕ ಹಕ್ಕು ಹಾಗೂ ಮತದಾನದ ಕಾನೂನುಗಳು ಕಾಗದದ ಮೇಲೆ ಸಮಾನತೆಯನ್ನು ತಂದವು. ಆದರೂ 2022ರ ಸರಕಾರಿ ಸಮೀಕ್ಷೆಯ ಪ್ರಕಾರ ಮಧ್ಯಮ ಮಟ್ಟದ ಬಿಳಿಯ ಕುಟುಂಬದ ಆಸ್ತಿ ಸುಮಾರು 2,85,000 ಡಾಲರ್ ಆಗಿದ್ದರೆ, ಕಪ್ಪು ಕುಟುಂಬದ್ದು ಸುಮಾರು 45,000 ಡಾಲರ್ ಮಾತ್ರ. ಸಂಬಳವು ತಿಂಗಳಿಗೆ ಬಂದು ಹೋಗುತ್ತದೆ. ಭೂಮಿ ಮತ್ತು ಮನೆ ಅಜ್ಜನಿಂದ ಮೊಮ್ಮಗನಿಗೆ ಇಳಿಯುತ್ತವೆ. ಅಜ್ಜನಿಗೆ ಸಿಗದಿದ್ದುದರ ಕೊರತೆ ಮೊಮ್ಮಗನ ಮನೆಯಲ್ಲೂ ಉಳಿಯುತ್ತದೆ.

ನಮ್ಮ ನೆಲದ ಕಥೆ

ಈಗ ನಮ್ಮ ಮನೆಯತ್ತ ನೋಡೋಣ. ನಮ್ಮಲ್ಲಿ ಮೈಬಣ್ಣದ ಬದಲು ಜಾತಿ ಮತ್ತು ಹುಟ್ಟು ಕೆಲಸ ಮಾಡಿದವು. ಗುರುಮಠಕಲ್ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಸುರಪುರದ ರಾಜಾ ವೆಂಕಟಪ್ಪ ನಾಯಕರ ಸಂಸ್ಥಾನವನ್ನೂ 1860ರಲ್ಲಿ ಬ್ರಿಟಿಷರು ನಿಜಾಮರಿಗೇ ಬಹುಮಾನವಾಗಿ ಕೊಟ್ಟರು. ಇಡೀ ಸಂಸ್ಥಾನದ ಭೂಮಿಯಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಸರ್ಫೆಖಾಸ್, ಅಂದರೆ ನಿಜಾಮರ ಸ್ವಂತದ್ದು. ಸುಮಾರು ಮೂರು ಪಾಲು ಜಹಗೀರುದಾರರದ್ದು. ಉಳಿದ ಕಡೆಯಲ್ಲೂ ದೇಸಾಯಿ, ದೇಶಮುಖ, ಪಟೇಲರ ಮಾತೇ ಕಾನೂನು. ದಲಿತರು ಮತ್ತು ಬಡವರು ಬಿಟ್ಟಿಚಾಕರಿ ಮಾಡಿದರು, ಸಾಲಕ್ಕಾಗಿ ಜೀತವಿದ್ದರು.

1937ರಲ್ಲಿ ಅಮೆರಿಕದ ಟೈಮ್ ಪತ್ರಿಕೆಯು ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನ್‌ರನ್ನು ಜಗತ್ತಿನ ಅತಿ ಶ್ರೀಮಂತರೆಂದು ಮುಖಪುಟದಲ್ಲಿ ಮುದ್ರಿಸಿತು. ಆದರೆ 1951ರ ಜನಗಣತಿಯಲ್ಲಿ ಆ ರಾಜ್ಯದ ನೂರು ಜನರಲ್ಲಿ ಓದುಬರಹ ಬಲ್ಲವರು ಸುಮಾರು ಒಂಬತ್ತು ಮಂದಿ! 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಹೆಮ್ಮೆಯ ಸಂಸ್ಥೆಯೇನೋ ಹೌದು. ಆದರೆ ಆಡಳಿತ ಮತ್ತು ಉನ್ನತ ಶಿಕ್ಷಣದ ಭಾಷೆ ಉರ್ದುವಾಗಿದ್ದರಿಂದ ಕನ್ನಡ, ತೆಲುಗು ಮಾತಾಡುವ ರೈತನ ಮಗನಿಗೆ ಆ ಬಾಗಿಲು ಬಹುದೂರವಿತ್ತು.

ಇದರಲ್ಲಿ ನಮಗೊಂದು ಪಾಠವಿದೆ. ದೊರೆ ನಮ್ಮ ಧರ್ಮದವನಾದ ಮಾತ್ರಕ್ಕೆ ಪಿಂಜಾರನ, ಗಾಡಿ ಹೊಡೆಯುವವನ, ಕೂಲಿಯ ಮನೆಗೆ ಐಶ್ವರ್ಯ ಬರಲಿಲ್ಲ. ಆದರೆ ಆ ಆಳ್ವಿಕೆ ಮುಗಿದಾಗ ದಂಡ ತೆತ್ತವರಲ್ಲಿ ಅಂಥವರೂ ಇದ್ದರು. ರಜಾಕಾರರ ದೌರ್ಜನ್ಯಗಳು, ಆ ಬಳಿಕ ಸೆಪ್ಟೆಂಬರ್ 1948ರ ಸೈನಿಕ ಕಾರ್ಯಾಚರಣೆಯ ಹಿಂದೆಯೇ ನಡೆದ ಹಿಂಸೆ, ಇವೆರಡೂ ಅಮಾಯಕರ ಮನೆಗಳನ್ನೇ ಹಾಳುಮಾಡಿದವು. ಸರಕಾರವೇ ಕಳುಹಿಸಿದ ಪಂಡಿತ ಸುಂದರಲಾಲ್ ಸಮಿತಿಯು ಅತಿ ಹೆಚ್ಚು ಬಾಧಿತವೆಂದು ಹೇಳಿದ ಜಿಲ್ಲೆಗಳಲ್ಲಿ ಗುಲ್ಬರ್ಗಾ ಕೂಡ ಒಂದು.

1949ರಲ್ಲಿ ಜಹಗೀರುಗಳು ರದ್ದಾದವು. ಪರಿಹಾರಧನ ದೊರೆತದ್ದು ಜಹಗೀರುದಾರರಿಗೆ. ತಲೆಮಾರುಗಟ್ಟಲೆ ಬಿಟ್ಟಿ ದುಡಿದವನಿಗೆ ಒಂದು ಬಿಡಿಗಾಸೂ ಇಲ್ಲ. ವಾಷಿಂಗ್ಟನ್ನಿನ ಕಥೆಯೇ ಇಲ್ಲಿಯೂ ನಡೆಯಿತಲ್ಲವೇ? 1956ರಲ್ಲಿ ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. 1974ರ ಭೂಸುಧಾರಣೆ ಉಳುವ ಗೇಣಿದಾರನನ್ನು ಒಡೆಯನನ್ನಾಗಿಸಿತು. ಆದರೆ ಗೇಣಿಯ ಹಕ್ಕೂ ಇಲ್ಲದ ಕೂಲಿಗೆ ಅದರಿಂದ ಭೂಮಿ ಬರಲಿಲ್ಲ. 1976ರ ಕಾಯಿದೆ ಜೀತದ ಸಾಲವನ್ನು ರದ್ದುಮಾಡಿತು. ಹೊಟ್ಟೆಯ ಅವಶ್ಯಕತೆಯನ್ನು ರದ್ದುಮಾಡಲು ಯಾವ ಕಾಯಿದೆಗೆ ಸಾಧ್ಯ?

ಫಲಿತಾಂಶ ನಮ್ಮ ಕಣ್ಣ ಮುಂದಿದೆ. ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲೂಕುಗಳಲ್ಲಿ 21 ಗುಲ್ಬರ್ಗಾ ವಿಭಾಗದಲ್ಲೇ ಇದ್ದವು. 2009ರ ಕೊನೆಯಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75ನ್ನು ದಾಟಿದ್ದರೆ ಯಾದಗಿರಿಯದು ಸುಮಾರು ಶೇ. 52, ಇಡೀ ರಾಜ್ಯದಲ್ಲೇ ಕೊನೆಯದು. ಹೆಂಗಸರಲ್ಲಿ ಸುಮಾರು ಶೇ. 41 ಮಾತ್ರ. ಕೃಷ್ಣೆಯ ಕಾಲುವೆ ಸುರಪುರ, ಶಹಾಪುರಗಳ ಹೊಲಗಳಿಗೆ ನೀರು ತಂದಿತು. ಅಲ್ಲಿಯೂ ನೀರು ಹರಿದದ್ದು ಭೂಮಿ ಇದ್ದವನ ಹೊಲಕ್ಕೆ. ಗುರುಮಠಕಲ್ಲಿನ ಬಹುಪಾಲು ರೈತರು ಇಂದಿಗೂ ಮಳೆಯ ದಾರಿ ಕಾಯುತ್ತಾರೆ.

ಕೊಂಡಿ ಎಲ್ಲಿದೆ?

ಭೂಮಿಯಿಲ್ಲದವನಿಗೆ ಬ್ಯಾಂಕಿನ ಸಾಲ ಸುಲಭವಲ್ಲ. ಆತ ಗುತ್ತೇದಾರನ ಮುಂಗಡಕ್ಕೆ ಕೈಯೊಡ್ಡುತ್ತಾನೆ. ಮುಂಗಡ ತೀರಿಸಲು ಗುಳೆ ಹೋಗುತ್ತಾನೆ. ಗುಳೆ ಹೋದರೆ ಮಗುವಿನ ಶಾಲೆ ತಪ್ಪುತ್ತದೆ. ಶಾಲೆ ತಪ್ಪಿದ ಮಗು ಬೆಳೆದು ಮತ್ತೆ ಅದೇ ಗುತ್ತೇದಾರನ ಬಳಿಗೆ ಬರುತ್ತದೆ. ಇದು ಹಣೆಬರಹವಲ್ಲ, ಸರಪಳಿ. ಸರಪಳಿಯಾದ್ದರಿಂದ ಅದನ್ನು ಮುರಿಯಲೂಬಹುದು.

ಮುರಿಯುವ ಕೆಲಸ ನಮ್ಮದೂ ಹೌದು

ಸಂಪತ್ತು ಸಿರಿವಂತರ ನಡುವೆಯೇ ಸುತ್ತುತ್ತಿರಬಾರದೆಂದು ಕುರ್‌ಆನಿನ ಅಲ್‌ಹಶ್ರ್ ಅಧ್ಯಾಯ ಎಚ್ಚರಿಸುತ್ತದೆ. ಝಕಾತಿನ ಎಂಟು ಬಾಬತ್ತುಗಳಲ್ಲಿ ದಾಸ್ಯ ವಿಮೋಚನೆ ಮತ್ತು ಸಾಲಗಾರರ ಋಣ ಪರಿಹಾರವೂ ಸೇರಿವೆ. ಬದ್ರ್ ಯುದ್ಧದ ಅಕ್ಷರಸ್ಥ ಕೈದಿಗಳಿಗೆ ಪ್ರವಾದಿ(ಸ)ಯವರು ಗೊತ್ತುಪಡಿಸಿದ ಬಿಡುಗಡೆಯ ಬೆಲೆ ಹತ್ತು ಮಕ್ಕಳಿಗೆ ಓದುಬರಹ ಕಲಿಸುವುದಾಗಿತ್ತು. ಅಮೆರಿಕದ ಒಡೆಯನು ಅಕ್ಷರವನ್ನು ನಿಷೇಧಿಸಿ ದಾಸ್ಯವನ್ನು ಉಳಿಸಿಕೊಂಡನು. ಇಲ್ಲಿ ಅಕ್ಷರವೇ ಬಿಡುಗಡೆಯ ಮೌಲ್ಯವಾಯಿತು.

ಆದ್ದರಿಂದ ಮೊದಲು ನಮ್ಮ ನಮ್ಮ ಮನೆಗಳನ್ನೇ ವಿಮರ್ಶಿಸಿಕೊಳ್ಳೋಣ. ನಮ್ಮ ಹೊಲ, ಅಂಗಡಿ, ಮನೆಗಳಲ್ಲಿ ದುಡಿಯುವವರ ಕೂಲಿ ಬೆವರು ಆರುವ ಮುನ್ನ ಸಲ್ಲುತ್ತಿದೆಯೇ? ಕೊಟ್ಟ ಮುಂಗಡದ ಲೆಕ್ಕ ಇಬ್ಬರ ಮುಂದೆ ಬರೆದಿದೆಯೇ, ಇಲ್ಲವೇ ಒಬ್ಬನ ಬಾಯಿಮಾತಿನಲ್ಲಿದೆಯೇ? ಮದುವೆಯಲ್ಲಿ ಖರ್ಚು ಮಾಡಿದೆವೆಂದು ಹೇಳಿ ಅಕ್ಕತಂಗಿಯರ ವಾರಸು ಪಾಲನ್ನು ನುಂಗಿದ್ದೇವೆಯೇ? ಜಹಗೀರುದಾರನನ್ನು ದೂಷಿಸುವ ನಾವು ತಂಗಿಯ ಎರಡೆಕರೆಗೆ ಜಹಗೀರುದಾರರಾಗಬಾರದಲ್ಲವೇ? ಇಸ್ಲಾಮಿನಲ್ಲಿ ಮೇಲುಕೀಳಿಲ್ಲವೆಂದು ಹೇಳುವ ನಾವು ಮದುವೆ ಸಂಬಂಧದ ಮಾತು ಬಂದಾಗ ಪಿಂಜಾರ, ಕಸಾಯಿ ಎಂದು ಹಿಂದೆ ಸರಿಯುವುದೇಕೆ?

ಜಮಾಅತಿನ ಮಟ್ಟದಲ್ಲಿಯೂ ಕೆಲಸವಿದೆ. ಚಿಲ್ಲರೆಯಾಗಿ ಹಂಚಿ ಮುಗಿಸುವ ಝಕಾತಿನಿಂದ ಪ್ರತಿವರ್ಷ ಕೆಲವು ಕುಟುಂಬಗಳ ಮುಂಗಡ ಸಾಲವನ್ನಾದರೂ ಪೂರ್ತಿ ತೀರಿಸಬಹುದು. ಗುಳೆ ಹೋಗುವವರ ಮಕ್ಕಳನ್ನು, ವಿಶೇಷವಾಗಿ ಹೆಣ್ಣುಮಕ್ಕಳನ್ನು, ಪರೀಕ್ಷೆ ಮುಗಿಯುವವರೆಗೆ ಊರಲ್ಲೇ ಉಳಿಸಿಕೊಳ್ಳುವ ಏರ್ಪಾಟು ಮಾಡಬಹುದು. 2013ರಿಂದ ಜಾರಿಯಲ್ಲಿರುವ ಸಂವಿಧಾನದ 371(ಜೆ) ವಿಧಿ ಈ ಭಾಗದವರಿಗೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ಮೀಸಲಾತಿ ನೀಡಿದೆ. ಅದು ಯಾರ ಭಿಕ್ಷೆಯೂ ಅಲ್ಲ, ಹಳೆಯ ಬಾಕಿಯ ಒಂದು ಕಂತು. ಓದಿದ ಮಕ್ಕಳಿಗೆ ಅದರ ಅರ್ಹತಾ ಪತ್ರ ಮಾಡಿಸಿಕೊಡಲು ಮಸೀದಿಯಲ್ಲಿ ಒಬ್ಬಿಬ್ಬರು ತಿಳಿದವರು ಕುಳಿತರೂ ಸಾಕು.

ಮುಂದಿನ ಸುಗ್ಗಿ ಮುಗಿದಾಗ ಗುರುಮಠಕಲ್ ನಿಲ್ದಾಣದಲ್ಲಿ ಮತ್ತೆ ಗಂಟುಮೂಟೆಗಳು ಕಾಣಬಹುದು. ಆ ಸಾಲಿನಲ್ಲಿ ಈ ಬಾರಿ ಒಂದು ಮಗುವಾದರೂ ಕಡಿಮೆಯಾಗಿ, ಶಾಲೆಯಲ್ಲಿ ಒಂದು ಮಗು ಹೆಚ್ಚಾದರೆ, ಕೈಯಿಂದ ಬರೆದುದನ್ನು ಕೈಯಿಂದಲೇ ತಿದ್ದಬಹುದೆಂದು ನಮಗೆ ಮನವರಿಕೆಯಾಗುವುದು.