ಹಳೆಯ ಕಾರು ಮಿಸ್ ಹೊಡೆಯುತ್ತಿದೆಯೇ? ಮೊದಲು ಪರೀಕ್ಷೆ, ಆಮೇಲೆ ಚಿಕಿತ್ಸೆ

ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳಲ್ಲಿ ಹಳೆಯ ಮಾರುತಿ ಓಮ್ನಿ ಅಥವಾ ಮಾರುತಿ 800 ಇಟ್ಟುಕೊಂಡಿರುವ ಹೈನುಗಾರರು ಇಂದಿಗೂ ಇದ್ದಾರೆ. ಮಾರುತಿ 800ರ ತಯಾರಿಕೆ 2014ರಲ್ಲೂ ಓಮ್ನಿಯ ತಯಾರಿಕೆ 2019ರಲ್ಲೂ ನಿಂತುಹೋಗಿದೆ. ಆದರೂ ಹಾಲಿನ ಕ್ಯಾನು, ಹಿಂಡಿ ಚೀಲ, ಹುಲ್ಲಿನ ಕಟ್ಟು ಸಾಗಿಸಲು ಈ ಗಾಡಿಗಳು ಅನುಕೂಲವಾಗಿವೆ. ಮಳೆಗಾಲದ ಬೆಳಗಿನ ಹೊತ್ತು ಗಾಡಿ ಕುಂಟತೊಡಗಿದರೆ ನಷ್ಟವಾಗುವುದು ಹಾಲಿಗೆ. ಕರೆದ ಹಾಲು ಎರಡು ಮೂರು ಗಂಟೆಯೊಳಗೆ ಶೀತಲೀಕರಣ ಘಟಕ ಸೇರದಿದ್ದರೆ ಅದರ ಗುಣಮಟ್ಟ ಕುಸಿಯುತ್ತದೆ. ಸಂಘದಲ್ಲಿ ಹಾಲು ತೆಗೆದುಕೊಳ್ಳುವ ಸಮಯ ಮೀರಿದರೆ ಆ ಹೊತ್ತಿನ ದುಡಿಮೆಯೆಲ್ಲ ವ್ಯರ್ಥ.

ಪಶುವೈದ್ಯರಿಗೆ ಎಂಜಿನ್ ವಿಚಾರವೇಕೆ ಎಂದು ಕೆಲವರು ಕೇಳಬಹುದು. ರೋಗ ಪತ್ತೆ ಮಾಡುವ ಕ್ರಮ ಎರಡಕ್ಕೂ ಒಂದೇ. ದನದ ಕೆಚ್ಚಲಲ್ಲಿ ನಾಲ್ಕು ಭಾಗಗಳಿವೆ. ಬಾವು ಬಂದಾಗ ಪ್ರತಿ ಮೊಲೆಯ ಹಾಲನ್ನು ಬೇರೆ ಬೇರೆಯಾಗಿ ಪರೀಕ್ಷಿಸಿ, ಯಾವ ಭಾಗ ಎಂದು ತಿಳಿದ ಮೇಲೆ ಔಷಧಿ ಕೊಡುತ್ತೇವೆ. ಓಮ್ನಿ ಮತ್ತು ಮಾರುತಿ 800ರ 796 ಸಿ.ಸಿ. ಎಂಜಿನ್ನಿನಲ್ಲಿ ಮೂರು ಸಿಲಿಂಡರುಗಳಿವೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಲ್ಲಿ ನಾಲ್ಕು. ಯಾವ ಸಿಲಿಂಡರ್ ದುಡಿಯುತ್ತಿಲ್ಲ ಎಂದು ತಿಳಿಯದೆ ಪ್ಲಗ್, ಕಾಯಿಲ್, ಕಾರ್ಬುರೇಟರ್ ಎಂದು ಒಂದೊಂದೇ ಬದಲಿಸುತ್ತ ಹೋಗುವುದು, ಪರೀಕ್ಷೆಯಿಲ್ಲದೆ ಇಂಜೆಕ್ಷನ್ ಚುಚ್ಚಿದಂತೆಯೇ ಸರಿ.

ಮಿಸ್ ಎಂದರೇನು?

ಪ್ರತಿ ಸಿಲಿಂಡರಿನಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಒತ್ತಡಕ್ಕೊಳಗಾಗಿ, ಪ್ಲಗ್ಗಿನ ಕಿಡಿಯಿಂದ ಉರಿದು ಶಕ್ತಿ ಕೊಡುತ್ತದೆ. ಕಿಡಿ, ಮಿಶ್ರಣ, ಒತ್ತಡ ಇವು ಮೂರರಲ್ಲಿ ಒಂದು ತಪ್ಪಿದರೂ ಆ ಸಿಲಿಂಡರ್ ದುಡಿಯುವುದಿಲ್ಲ. ಎಂಜಿನ್ ನಡುಗುತ್ತದೆ, ಸೈಲೆನ್ಸರಿನಲ್ಲಿ ತಾಳ ತಪ್ಪಿದ ಶಬ್ದ ಬರುತ್ತದೆ, ಪಿಕಪ್ ಇರುವುದಿಲ್ಲ. ಹೀಗೇ ಓಡಿಸುತ್ತಿದ್ದರೆ ಉರಿಯದ ಪೆಟ್ರೋಲ್ ಸಿಲಿಂಡರಿನ ಗೋಡೆಯ ಆಯಿಲನ್ನು ತೊಳೆದು, ಕೆಳಗಿನ ಆಯಿಲಿಗೂ ಇಳಿದು ಅದನ್ನು ತೆಳುವಾಗಿಸುತ್ತದೆ. ಚಿಕ್ಕ ರಿಪೇರಿ ದೊಡ್ಡದಾಗುವುದು ಹೀಗೆ.

ಹಂತ 1: ಯಾವಾಗ ಮಿಸ್ ಹೊಡೆಯುತ್ತದೆ ಎಂದು ಗಮನಿಸಿ

ಅ) ಮಳೆಯ ದಿನ ಬೆಳಿಗ್ಗೆ ಮಾತ್ರ ಮಿಸ್ ಹೊಡೆದು, ಎಂಜಿನ್ ಬಿಸಿಯಾದ ಮೇಲೆ ಸರಿಯಾದರೆ: ಪ್ಲಗ್ ವಯರ್ ಅಥವಾ ಡಿಸ್ಟ್ರಿಬ್ಯೂಟರ್ ಕ್ಯಾಪಿನಲ್ಲಿ ತೇವ.
ಆ) ನಿಂತಲ್ಲಿ ನಡುಗಿ, ವೇಗ ಹೆಚ್ಚಿದಾಗ ಸರಿಯಾದರೆ: ರಬ್ಬರ್ ಪೈಪು ಬಿರಿದು ಹೆಚ್ಚುವರಿ ಗಾಳಿ ಸೇರುತ್ತಿರುವುದು ಅಥವಾ ಕಾರ್ಬುರೇಟರಿನ ಸ್ಲೋ ಜೆಟ್ಟಿನಲ್ಲಿ ಕಸ.
ಇ) ಸಮತಟ್ಟಿನಲ್ಲಿ ಸರಿಯಿದ್ದು, ಕೊಲ್ಲೂರು ಘಾಟಿಯಂತಹ ಏರಿನಲ್ಲಿ ಅಥವಾ ಭಾರ ಹೇರಿದಾಗ ಮಿಸ್ ಹೊಡೆದರೆ: ದುರ್ಬಲ ಕಿಡಿ ಅಥವಾ ಕಟ್ಟಿಕೊಂಡ ಪೆಟ್ರೋಲ್ ಫಿಲ್ಟರ್.
ಈ) ಪೆಟ್ರೋಲ್ ಹಾಕಿಸಿದ ಕೂಡಲೇ ಶುರುವಾದರೆ: ಪೆಟ್ರೋಲಿನಲ್ಲಿ ನೀರು.

ಹಂತ 2: ಕಣ್ಣಿನ ಪರೀಕ್ಷೆ

ಎಂಜಿನ್ ನಿಲ್ಲಿಸಿ, ತಣಿದ ಮೇಲೆ ನೋಡತಕ್ಕದ್ದು. ಓಮ್ನಿಯಲ್ಲಿ ಎಂಜಿನ್ ಮುಂದಿನ ಸೀಟಿನ ಅಡಿಯಲ್ಲಿದೆ. ಹಿಂಡಿ ಚೀಲ ಇಡುವ ಗಾಡಿಗೆ ಇಲಿ ಬರುವುದು ಸಾಮಾನ್ಯ. ವಯರ್ ಕಡಿದಿದೆಯೇ ನೋಡಿ. ಮರವಂತೆ, ಗಂಗೊಳ್ಳಿ, ಶಿರೂರು ಮುಂತಾದ ಕಡಲಂಚಿನ ಊರುಗಳಲ್ಲಿ ಉಪ್ಪು ಗಾಳಿಯಿಂದ ಬ್ಯಾಟರಿ ಟರ್ಮಿನಲ್ಲಿಗೂ ಅರ್ತ್ ವಯರಿಗೂ ಕಿಲುಬು ಹಿಡಿಯುತ್ತದೆ. ಅದನ್ನು ಉಜ್ಜಿ ತೆಗೆದು ಬಿಗಿ ಮಾಡಿ. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಒಣಬಟ್ಟೆಯಿಂದ ಒಳಗೂ ಹೊರಗೂ ಒರೆಸಿ. ಕೂದಲೆಳೆಯಂತಹ ಕಪ್ಪು ಗೆರೆ ಕಂಡರೆ ಅದು ಬಿರುಕು, ಕ್ಯಾಪ್ ಬದಲಿಸಬೇಕು. ರಾತ್ರಿ ದೀಪ ಆರಿಸಿ ಎಂಜಿನ್ ಓಡಿಸಿದಾಗ ವಯರಿನ ಮೇಲೆ ನೀಲಿ ಕಿಡಿ ಕಂಡರೆ ವಿದ್ಯುತ್ ಸೋರುತ್ತಿದೆ ಎಂದರ್ಥ. ನೋಡುವುದು ಮಾತ್ರ, ಕೈ ತಾಗಿಸಬಾರದು.

ಹಂತ 3: ರೋಗಪೀಡಿತ ಸಿಲಿಂಡರಿನ ಪತ್ತೆ

ಮುಖ್ಯ ಪರೀಕ್ಷೆ ಇದು. ಕಾರ್ಬುರೇಟರ್ ಇರುವ ಗಾಡಿಗೆ ಮಾತ್ರ ಅನ್ವಯಿಸುತ್ತದೆ.

1. ಎಂಜಿನ್ ನಿಲ್ಲಿಸಿ ಮೊದಲನೆಯ ಸಿಲಿಂಡರಿನ ಪ್ಲಗ್ ವಯರ್ ತೆಗೆಯಿರಿ. ವಯರ್ ಎಳೆಯಬೇಡಿ, ತುದಿಯ ರಬ್ಬರ್ ಕ್ಯಾಪ್ ಹಿಡಿಯಿರಿ.
2. ಆ ಕ್ಯಾಪಿಗೆ ಬೇರೊಂದು ಪ್ಲಗ್ ಸಿಕ್ಕಿಸಿ, ಅದರ ಲೋಹದ ಭಾಗವನ್ನು ತಂತಿಯಿಂದ ಎಂಜಿನ್ನಿನ ಲೋಹಕ್ಕೆ ಬಿಗಿಯಾಗಿ ಕಟ್ಟಿ. ಪೆಟ್ರೋಲ್ ಪೈಪಿನಿಂದ ದೂರವಿರಲಿ.
3. ಸ್ಟಾರ್ಟ್ ಮಾಡಿ, ಅರ್ಧ ನಿಮಿಷ ಶಬ್ದ ಕೇಳಿ, ನಿಲ್ಲಿಸಿ. ವಯರ್ ಮೊದಲಿನಂತೆ ಜೋಡಿಸಿ ಮುಂದಿನ ಸಿಲಿಂಡರಿಗೆ ಹೋಗಿ. ಒಮ್ಮೆಗೆ ಒಂದೇ ವಯರ್ ತೆಗೆಯತಕ್ಕದ್ದು. ಅದಲುಬದಲಾದರೆ ಹೊಸ ತೊಂದರೆ.

ವಯರ್ ತೆಗೆದಾಗ ಎಂಜಿನ್ ಇನ್ನಷ್ಟು ಕುಂಟಿದರೆ ಆ ಸಿಲಿಂಡರ್ ದುಡಿಯುತ್ತಿತ್ತು ಎಂದರ್ಥ. ಮೂರು ಸಿಲಿಂಡರಿನ ಎಂಜಿನ್ ಆಗ ನಿಂತೇ ಹೋಗಬಹುದು ಅಥವಾ ಸ್ಟಾರ್ಟ್ ಆಗದೆಯೂ ಇರಬಹುದು. ಅದೂ ಅದೇ ಉತ್ತರ. ವಯರ್ ತೆಗೆದರೂ ಯಾವ ವ್ಯತ್ಯಾಸವೂ ಆಗದಿದ್ದರೆ ರೋಗ ಇರುವುದು ಅಲ್ಲಿಯೇ. ಎಲ್ಲ ಸಿಲಿಂಡರುಗಳೂ ಸಮಾನವಾಗಿ ದುಡಿಯುತ್ತ ಆಗಾಗ ಮಿಸ್ ಹೊಡೆದರೆ, ಎಲ್ಲಕ್ಕೂ ಸೇರಿದ ಭಾಗಗಳನ್ನು ನೋಡಬೇಕು: ರೋಟರ್, ಕಾಯಿಲ್, ಪಾಯಿಂಟ್, ಕಂಡೆನ್ಸರ್, ಪೆಟ್ರೋಲ್ ಫಿಲ್ಟರ್, ಏರ್ ಫಿಲ್ಟರ್.

2000ದ ನಂತರ ಬಂದ ಎಂಪಿಎಫ್‌ಐ ಗಾಡಿಗಳಲ್ಲಿ ಈ ಪರೀಕ್ಷೆ ಮಾಡಬಾರದು. ಉರಿಯದ ಪೆಟ್ರೋಲ್ ಸೈಲೆನ್ಸರ್ ಮಾರ್ಗದ ಕನ್ವರ್ಟರಿಗೆ ಸೇರಿ ಅದನ್ನು ಸುಡುತ್ತದೆ. ಅಂತಹ ಗಾಡಿಗಳನ್ನು ಸ್ಕ್ಯಾನರ್ ಇರುವ ಗ್ಯಾರೇಜಿಗೆ ಒಯ್ಯುವುದು ಲೇಸು.

ಹಂತ 4: ಪ್ಲಗ್ ಏನು ಹೇಳುತ್ತದೆ?

ರೋಗಪೀಡಿತ ಸಿಲಿಂಡರಿನ ಪ್ಲಗ್ ಬಿಚ್ಚಿ ತುದಿ ನೋಡಿ.

ತಿಳಿ ಕಂದು ಬಣ್ಣ: ಉರಿಯುವಿಕೆ ಸರಿಯಾಗಿದೆ.
ಒಣ ಕಪ್ಪು ಮಸಿ: ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಚೋಕ್ ಮತ್ತು ಏರ್ ಫಿಲ್ಟರ್ ನೋಡಿ.
ಪೆಟ್ರೋಲಿನಿಂದ ಒದ್ದೆ: ಕಿಡಿ ಬರುತ್ತಿಲ್ಲ.
ಆಯಿಲಿನಿಂದ ಒದ್ದೆ: ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ.
ಬಿಳಿ ಬಣ್ಣ: ಪೆಟ್ರೋಲ್ ಸಾಲುತ್ತಿಲ್ಲ ಅಥವಾ ವಿಪರೀತ ಬಿಸಿ.

ಅನಂತರ ಈ ಪ್ಲಗ್ಗನ್ನು ಆರೋಗ್ಯವಂತ ಸಿಲಿಂಡರಿಗೂ ಅಲ್ಲಿನದನ್ನು ಇಲ್ಲಿಗೂ ಹಾಕಿ ಮತ್ತೆ ಪರೀಕ್ಷಿಸಿ. ಮಿಸ್ ಪ್ಲಗ್ಗಿನ ಜೊತೆಗೆ ಹೋದರೆ ಪ್ಲಗ್ಗೇ ಕೆಟ್ಟಿದೆ. ಹೋಗದಿದ್ದರೆ, ಅಷ್ಟೇ ಉದ್ದದ ಒಳ್ಳೆಯ ವಯರ್ ಹಾಕಿ ನೋಡಿ. ಖರ್ಚಿಲ್ಲದ ಈ ಪರೀಕ್ಷೆಯಿಂದ ಅನಗತ್ಯ ಸಾಮಾನು ಕೊಳ್ಳುವುದು ತಪ್ಪುತ್ತದೆ.

ಹಂತ 5: ಕಿಡಿ ಸರಿಯಿದ್ದರೂ ಮಿಸ್ ಹೊಡೆದರೆ

ಇಡೀ ಎಂಜಿನ್ ಮಿಸ್ ಹೊಡೆಯುತ್ತಿದ್ದರೆ ಪೆಟ್ರೋಲ್ ಮಾರ್ಗ ನೋಡಿ. 2025ರಲ್ಲಿ ದೇಶವು ಪೆಟ್ರೋಲಿಗೆ ಶೇ. 20 ಎಥೆನಾಲ್ ಬೆರೆಸುವ ಗುರಿ ಮುಟ್ಟಿತು. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ. ನಮ್ಮ ತೇವದ ಹವೆಯಲ್ಲಿ ಗಾಡಿಯನ್ನು ವಾರಗಟ್ಟಲೆ ನಿಲ್ಲಿಸಿದರೆ ಟ್ಯಾಂಕಿನ ತಳದಲ್ಲಿ ನೀರು ಬೇರ್ಪಡುವ ಸಂಭವವಿದೆ. ಹಳೆಯ ಗಾಡಿಯ ರಬ್ಬರ್ ಪೈಪು, ವಾಷರುಗಳೂ ಬೇಗ ಹಾಳಾಗುತ್ತವೆ. ಪೈಪಿನಲ್ಲಿ ಬಿರುಕು, ಪೆಟ್ರೋಲಿನ ವಾಸನೆ ಕಂಡುಬಂದರೆ ಗಾಡಿ ಓಡಿಸದೆ ಮೊದಲು ಪೈಪು ಬದಲಿಸಿ.

ಒಂದೇ ಸಿಲಿಂಡರಿನಲ್ಲಿ ರೋಗವಿದ್ದು, ಪ್ಲಗ್ಗು, ವಯರು, ಕ್ಯಾಪು ಸರಿಯಿದ್ದರೆ ಒತ್ತಡ ಸೋರುತ್ತಿರಬಹುದು. ಟ್ಯಾಪೆಟ್ ಅಂತರ, ವಾಲ್ವ್, ರಿಂಗ್, ಹೆಡ್ ಗ್ಯಾಸ್ಕೆಟ್ ಇವುಗಳ ಕೆಲಸ ಮನೆಯದಲ್ಲ. ಆದರೆ ಮೆಕ್ಯಾನಿಕರಿಗೆ “ಎರಡನೆಯ ಸಿಲಿಂಡರ್, ಕಿಡಿ ಇದೆ, ಒತ್ತಡ ಅಳೆಯಿರಿ” ಎಂದು ಹೇಳುವಷ್ಟು ನಿಮಗೆ ತಿಳಿದಿರುತ್ತದೆ. ಗೇಜಿನಿಂದ ಅಳೆಯುವುದು ಅವರಿಗೆ ಸ್ವಲ್ಪ ಹೊತ್ತಿನ ಕೆಲಸ.

ಡಿಪ್ ಸ್ಟಿಕ್ಕಿನಲ್ಲಿ ಆಯಿಲ್ ಹಾಲು ಬೆರೆಸಿದ ಕಾಫಿಯಂತಿದ್ದು, ರೇಡಿಯೇಟರಿನ ನೀರೂ ಕಡಿಮೆಯಾಗುತ್ತಿದ್ದರೆ ಗಾಡಿ ಓಡಿಸಬೇಡಿ. ಹೆಡ್ ಗ್ಯಾಸ್ಕೆಟ್ ಹೋಗಿರುವ ಲಕ್ಷಣವದು. ಮಳೆಗಾಲದಲ್ಲಿ ದಿನವೂ ಸಂಘದವರೆಗೆ ಮಾತ್ರ ಓಡುವ ಗಾಡಿಯ ಆಯಿಲ್ ಮುಚ್ಚಳದ ಅಡಿಯಲ್ಲಿ ಸ್ವಲ್ಪ ಬಿಳಿ ನೊರೆ ಕಂಡರೆ ಗಾಬರಿ ಬೇಡ. ಎಂಜಿನ್ ಪೂರ್ತಿ ಬಿಸಿಯಾಗದೆ ನಿಂತ ತೇವದಿಂದಲೂ ಹಾಗಾಗುತ್ತದೆ.

ಮುಖ್ಯ ಎಚ್ಚರಿಕೆಗಳು

1. ಹಟ್ಟಿಯಲ್ಲಿ ಅಥವಾ ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿ ಪರೀಕ್ಷಿಸಬಾರದು. ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ಜನರಿಗೂ ಜಾನುವಾರುಗಳಿಗೂ ಪ್ರಾಣಾಪಾಯ.
2. ಬೀಡಿ, ಸಿಗರೇಟು, ದೀಪದ ಬೆಂಕಿ ಹತ್ತಿರ ಇರಬಾರದು. ಬಿಸಿ ರೇಡಿಯೇಟರಿನ ಮುಚ್ಚಳ ತೆಗೆಯಬಾರದು.
3. ಹಳೆಯ ಬ್ಯಾಟರಿ ಮತ್ತು ಸುಟ್ಟ ಆಯಿಲನ್ನು ದನಗಳ ಬಾಯಿಗೆ ಸಿಗುವಂತೆ ಇಡಬೇಡಿ. ಒಡೆದ ಬ್ಯಾಟರಿ ನೆಕ್ಕಿದ ದನಕರುಗಳಿಗೆ ಸೀಸದ ವಿಷ ಏರುತ್ತದೆ. ಕಣ್ಣು ಕಾಣದಿರುವುದು, ಹಲ್ಲು ಕಡಿಯುವುದು, ಗೋಡೆಗೆ ತಲೆ ಒತ್ತುವುದು, ಸೆಳೆತ ಇದರ ಲಕ್ಷಣಗಳು. ಕೂಡಲೇ ಪಶುವೈದ್ಯರನ್ನು ಕರೆಯಬೇಕು. ರೇಡಿಯೇಟರಿನ ಕೂಲಂಟ್ ಸಿಹಿಯಾಗಿದ್ದು ನಾಯಿ, ದನಗಳು ಕುಡಿಯುತ್ತವೆ, ಅದೂ ವಿಷವೇ.

ದನದ ಕರು ಹಾಕಿದ ದಿನ, ಗರ್ಭಧಾರಣೆಯ ದಿನ ಬರೆದಿಡುವ ಪುಸ್ತಕದಲ್ಲೇ ಒಂದು ಪುಟವನ್ನು ಗಾಡಿಗೂ ಮೀಸಲಿಡಿ. ಪ್ಲಗ್ ಹಾಕಿದ ದಿನ, ಆಯಿಲ್ ಬದಲಿಸಿದ ದಿನ, ಮಿಸ್ ಹೊಡೆದ ಸಿಲಿಂಡರಿನ ಸಂಖ್ಯೆ ಬರೆದಿಡಿ. ಮಳೆಗಾಲಕ್ಕೆ ಮೊದಲು, ಮೇ ತಿಂಗಳಲ್ಲೇ ವಯರ್, ಕ್ಯಾಪ್, ಪ್ಲಗ್ ಪರೀಕ್ಷಿಸಿಕೊಂಡರೆ ಜೂನಿನ ಬೆಳಿಗ್ಗೆ ಕ್ಯಾನು ಹೊತ್ತು ನಡೆಯುವ ಪ್ರಮೇಯ ಬಾರದು.