‘ಇಡ್ಲಾ?’ ಅಂದ ಮೇಲಿನ ಎರಡು ನಿಮಿಷ

ದೂರವಾಣಿನಗರ ಅಂತ ಒಂದು ಬಡಾವಣೆಗೇ ಹೆಸರಿಟ್ಟುಕೊಂಡ ಊರು ನಮ್ಮದು. 1948ರಲ್ಲಿ ಹುಟ್ಟಿದ ಐಟಿಐ ಕಾರ್ಖಾನೆ ದೇಶಕ್ಕೆಲ್ಲ ಫೋನು ಮಾಡಿ ಕಳಿಸಿದ್ದು ಅಲ್ಲಿಂದ. ಫೋನು ಮಾಡಿಕೊಟ್ಟರು, ಅದರಲ್ಲಿ ಮಾತಾಡುವುದು ಹೇಗೆ ಅಂತ ಮಾತ್ರ ಯಾರೂ ಹೇಳಿಕೊಡಲಿಲ್ಲ. ಬ್ಯಾಟರಾಯನಪುರದಲ್ಲಿ, ಬಳ್ಳಾರಿ ರಸ್ತೆಯಿಂದ ಎರಡು ಅಡ್ಡರಸ್ತೆ ಒಳಗೆ ಕೂತು, ಅರ್ಧ ನೋಡಿ ಅರ್ಧ ಕೆಟ್ಟು ನಾನು ಕಲಿತದ್ದು ಇಷ್ಟು.

1. ಮೊದಲು ಹೆಸರು, ಆಮೇಲೆ ‘ಮಾತಾಡಬಹುದಾ?’

ಫೋನೆತ್ತಿದವರು ‘ಅಹೋಯ್’ ಅನ್ನಬೇಕು ಅನ್ನುವುದು ಗ್ರಹಾಂ ಬೆಲ್ ಆಸೆಯಾಗಿತ್ತು. ಎಡಿಸನ್ ಹಿಡಿದ ‘ಹಲೋ’ ಗೆದ್ದಿತು. ನಾವು ಆ ಹಲೋ ಹಿಂದೆಯೇ ‘ಯಾರು ಹೇಳಿ ನೋಡೋಣ?’ ಅಂತ ಒಂದು ಬಾಲ ಸೇರಿಸಿದ್ದೇವೆ. ಆ ಬಾಲ ಕತ್ತರಿಸಿ. ಆ ಕಡೆಯವರು ಒಗ್ಗರಣೆ ಮುಂದೆ ನಿಂತಿರಬಹುದು, ಗಾಡಿ ಮೇಲಿರಬಹುದು, ಮಗನ ಶಾಲೆಯಲ್ಲಿ ಮೇಷ್ಟ್ರ ಎದುರು ಕೈಕಟ್ಟಿ ಕೂತಿರಬಹುದು. ‘ನಾನು ಇಂಥವನು. ಐದು ನಿಮಿಷ ಬೇಕಿತ್ತು. ಈಗ ಆಗುತ್ತಾ, ಸಂಜೆ ಮಾಡ್ಲಾ?’ ಇಷ್ಟು ಸಾಕು. ಎಷ್ಟು ಹೊತ್ತು ಬೇಕು ಅಂತ ಮೊದಲೇ ಹೇಳಿದವರ ಫೋನನ್ನು ಜನ ಮುಂದಿನ ಸಲವೂ ಎತ್ತುತ್ತಾರೆ.

2. ದಾರಿ ಹೇಳುವ ಮೊದಲು, ಅವರು ನಿಂತಿರುವುದು ಎಲ್ಲಿ ಅಂತ ಕೇಳಿ

ಬೆಂಗಳೂರಿನಲ್ಲಿ ಬ್ಯಾಟರಾಯನಪುರ ಎರಡು. ಒಂದು ನಮ್ಮದು, ಹೆಬ್ಬಾಳಕ್ಕೂ ಯಲಹಂಕಕ್ಕೂ ನಡುವೆ. ಇನ್ನೊಂದು ಮೈಸೂರು ರಸ್ತೆಯಲ್ಲಿ, ಊರಿನ ಇನ್ನೊಂದು ತುದಿಗೆ. ನಮ್ಮದು 2007ರವರೆಗೆ ಸ್ವಂತ ನಗರಸಭೆ ಇಟ್ಟುಕೊಂಡಿತ್ತು, ಈಗ ವಿಧಾನಸಭೆಗೆ ಒಬ್ಬ ಶಾಸಕರನ್ನೂ ಕಳಿಸುತ್ತದೆ. ಆದರೆ ಆಟೋದವರ ಮುಂದೆ ಆ ಗತ್ತು ನಡೆಯುವುದಿಲ್ಲ. ಹೆಸರು ಹೇಳಿದ ಕೂಡಲೇ ‘ಯಾವುದು ಸಾರ್?’ ಅಂತಲೇ ಕೇಳುತ್ತಾರೆ.

ಒಂದು ಭಾನುವಾರ ನಮ್ಮ ಸಂಪಿನ ಮೋಟಾರು ಕೆಟ್ಟಿತು. ರಿಪೇರಿ ಹುಡುಗ ಫೋನ್ ಮಾಡಿದ.

‘ಅಣ್ಣಾ, ಬ್ಯಾಟ್ರಾಯನ್ಪುರಕ್ಕೆ ಬಂದೆ. ಗಣಪತಿ ದೇವಸ್ಥಾನ ಕಾಣ್ತಾ ಇದೆ.’

ಗಣಪತಿ ದೇವಸ್ಥಾನ ಇಲ್ಲದ ಬಡಾವಣೆ ಯಾವುದಿದೆ? ನಾನು ಜೋರಾಗಿ ಶುರು ಮಾಡಿದೆ. ‘ಹಾಂ, ಅಲ್ಲೇ ಬಲಕ್ಕೆ ಬಾ. ಬೇಕರಿ ಸಿಗುತ್ತೆ.’

‘ಸಿಕ್ತು ಅಣ್ಣಾ.’

‘ಪಕ್ಕದಲ್ಲಿ ಮೆಡಿಕಲ್ ಸ್ಟೋರು.’

‘ಇದೆ ಅಣ್ಣಾ.’

‘ಎದುರಿಗೆ ಹಸಿರು ಗೇಟು, ಮೂರು ಮಹಡಿ.’

‘ಗೇಟು ಹಸಿರೇ. ಆದ್ರೆ ಮನೇವ್ರು ಮೋಟಾರು ಸರಿ ಇದೆ ಅಂತಾವ್ರೆ.’

ಹತ್ತು ನಿಮಿಷ ಹೀಗೇ ನಡೆದ ಮೇಲೆ ಅವನೇ ಕೇಳಿದ: ‘ಅಣ್ಣಾ, ನಿಮ್ಮನೆ ದೀಪಾಂಜಲಿನಗರ ಮೆಟ್ರೋ ಸ್ಟೇಷನ್ ಹತ್ರಾನೇ ಅಲ್ವಾ?’

ತಪ್ಪು ಅವನದಲ್ಲ. ‘ಈಗ ಯಾವ ಮೇನ್‌ರೋಡಲ್ಲಿ ಇದೀಯಪ್ಪಾ?’ ಅಂತ ಒಂದು ಪ್ರಶ್ನೆಯನ್ನು ಮೊದಲೇ ಕೇಳಿದ್ದರೆ ಮುಗಿಯುತ್ತಿತ್ತು. ಅಂದಿನಿಂದ ದೊಡ್ಡದರಿಂದ ಚಿಕ್ಕದಕ್ಕೆ ಬರುತ್ತೇನೆ: ಬಳ್ಳಾರಿ ರಸ್ತೆ, ಹೆಬ್ಬಾಳ ದಾಟಿ, ಕೊಡಿಗೇಹಳ್ಳಿ ಗೇಟ್ ಆದ ಮೇಲೆ, ಜಕ್ಕೂರಿಗೆ ಮೊದಲು. ಬೇಕರಿ, ಗೇಟಿನ ಬಣ್ಣ ಎಲ್ಲ ಕೊನೆಗೆ. (ಹೆಂಡತಿ ಜೊತೆ ಫೋನಿನಲ್ಲಿ ಜಗಳ ಬಂದಾಗಲೂ ಇದೇ ಪ್ರಶ್ನೆ ಉಪಯೋಗಕ್ಕೆ ಬಂದಿದೆ. ಎರಡು ಸಲ ನಾವಿಬ್ಬರೂ ಬೇರೆ ಬೇರೆ ಬ್ಯಾಟರಾಯನಪುರದಲ್ಲೇ ನಿಂತಿದ್ದೆವು.)

3. ‘ಹೆಬ್ಬಾಳ ದಾಟಿದೆ’ ಅನ್ನಬೇಡಿ

ಉತ್ತರ ಬೆಂಗಳೂರಿನಲ್ಲಿ ಇದಕ್ಕಿಂತ ಹೆಚ್ಚು ಸಲ ಹೇಳಿದ ಸುಳ್ಳು ಇರಲಾರದು. 2008ರಲ್ಲಿ ದೇವನಹಳ್ಳಿ ಕಡೆ ವಿಮಾನ ನಿಲ್ದಾಣ ತೆರೆದ ಮೇಲಂತೂ ಈ ಸುಳ್ಳನ್ನು ಇಡೀ ಊರೇ ಹಂಚಿಕೊಂಡಿತು. ಹೇಳುವವನು ಇನ್ನೂ ಮೇಖ್ರಿ ಸರ್ಕಲ್ಲಿನಲ್ಲಿ ಇರುತ್ತಾನೆ. ಕೇಳುವವನಿಗೂ ಅದು ಗೊತ್ತಿರುತ್ತದೆ, ಅದಕ್ಕೇ ಅವನೂ ಸ್ನಾನಕ್ಕೆ ಹೋಗಿರುತ್ತಾನೆ. ಜಾಗ ಹೇಳಬೇಡಿ, ನಿಮಿಷ ಹೇಳಿ. ಅದಕ್ಕೂ ಹದಿನೈದು ಸೇರಿಸಿ.

4. ವಿಮಾನ ಹೋಗಲಿ, ಆಮೇಲೆ ಮಾತಾಡಿ

ಪಕ್ಕದಲ್ಲಿ ಜಕ್ಕೂರು ಏರೋಡ್ರೋಮು, ಆಚೆ ಯಲಹಂಕದ ವಾಯುಪಡೆ ನೆಲೆ. ಏರೋ ಇಂಡಿಯಾ ನಡೆಯುವ ವರ್ಷ ಫೆಬ್ರವರಿಯಲ್ಲಿ ನಮ್ಮ ಮನೆಯ ಕಿಟಕಿ ಗಾಜೂ ಮಾತಾಡುತ್ತದೆ. ಸದ್ದಿನ ಮೇಲೆ ಕಿರುಚಿದರೆ ಆ ಕಡೆಯವರಿಗೆ ಮಾತು ಕೇಳುವುದಿಲ್ಲ, ಸಿಟ್ಟು ಕೇಳುತ್ತದೆ. ‘ತಡಿ, ಮೇಲೆ ಹೋಗ್ತಾ ಇದೆ’ ಅಂದು ಸುಮ್ಮನಿರಿ.

5. ಅಂಕಿ ಹೇಳಿದರೆ ವಾಪಸ್ ಹೇಳಿಸಿ

ಹಳೆಯ ಫೋನ್ ಲೈನು ನಮ್ಮ ದನಿಯಲ್ಲಿ 300ರಿಂದ 3,400 ಹರ್ಟ್ಸ್ ನಡುವಿನ ಪಟ್ಟಿಯನ್ನಷ್ಟೇ ಸಾಗಿಸುತ್ತಿತ್ತು. ‘ಸ’, ‘ಫ’ ತರಹದ ಸಿಳ್ಳೆಯ ಸದ್ದು ಬಹುಪಾಲು ಅದಕ್ಕಿಂತ ಮೇಲಿರುತ್ತದೆ, ಹಾಗಾಗಿ ದಾರಿಯಲ್ಲೇ ಉದುರಿಹೋಗುತ್ತಿತ್ತು. ಈಗಿನ 4ಜಿ ಕರೆಯ ಪಟ್ಟಿ ಅಗಲವಾಗಿದೆ, ಸಿಗ್ನಲ್ ಇದ್ದರೆ. ಲಿಫ್ಟಿನಲ್ಲಿ, ಬೇಸ್‌ಮೆಂಟಿನಲ್ಲಿ, ಯಶವಂತಪುರದ ಪ್ಲಾಟ್‌ಫಾರ್ಮಿನಲ್ಲಿ ಕತೆ ಮತ್ತೆ ಹಳೆಯದೇ. ಕನ್ನಡದ ಅಂಕಿಗಳಿಗೆ ತಮ್ಮದೇ ಪೇಚೂ ಇದೆ. ಎಪ್ಪತ್ತು, ಎಂಬತ್ತು ಒಂದೇ ತರ ಕೇಳುತ್ತವೆ. ಮೂರು, ಆರು, ನೂರು ಅಣ್ಣ ತಮ್ಮಂದಿರು. ಯಶವಂತಪುರ ಎಪಿಎಂಸಿ ಯಾರ್ಡಿನಲ್ಲಿ ಈರುಳ್ಳಿ ವ್ಯಾಪಾರದವರು ಮಾತಾಡುವುದನ್ನು ಒಂದು ಬೆಳಿಗ್ಗೆ ನಿಂತು ಕೇಳಿ. ಅಂಕಿ ಬಂದ ಕೂಡಲೇ ಭಾಷೆಯೇ ಬದಲಾಗುತ್ತದೆ: ‘ಎಂಟು ಸೊನ್ನೆ. ಎಂಟು, ಸೊನ್ನೆ. ಹೇಳಿ ಈಗ ನೀವು.’ ಮೂಟೆಗೆ ಹತ್ತು ರೂಪಾಯಿ ಹೆಚ್ಚುಕಮ್ಮಿಯಾದರೆ ಲಾರಿಗೆ ಎಷ್ಟಾಯಿತು ಅಂತ ಅವರಿಗೆ ಗೊತ್ತು. ನಾವು ಮದುವೆ ಮುಹೂರ್ತವನ್ನೇ ಒಂದು ಸಲ ಕೇಳಿ ‘ಹೂಂ ಹೂಂ’ ಅಂದುಬಿಡುತ್ತೇವೆ.

6. ಯಾವುದಕ್ಕೆ ಮೆಸೇಜು, ಯಾವುದಕ್ಕೆ ದನಿ

ತಾರೀಕು, ವಿಳಾಸ, ಖಾತೆ ನಂಬರು, ತರಬೇಕಾದ ತರಕಾರಿ: ಮೆಸೇಜು. ಸಾವು, ಕ್ಷಮೆ, ಕೆಲಸ ಹೋದ ಸುದ್ದಿ, ಮಗು ಹುಟ್ಟಿದ ಸುದ್ದಿ: ದನಿ. ಇದು ಬರೀ ಹಳೆ ಕಾಲದವರ ಹಟ ಅಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ಚಿಕ್ಕ ಹುಡುಗಿಯರನ್ನು ಅಪರಿಚಿತರ ಮುಂದೆ ನಿಲ್ಲಿಸಿ, ಭಾಷಣ ಮಾಡಿಸಿ, ಲೆಕ್ಕ ಮಾಡಿಸಿ ಗಾಬರಿಪಡಿಸಿದರು. ಆಮೇಲೆ ಕೆಲವರಿಗೆ ತಾಯಿಯ ದನಿ ಕೇಳಿಸಿದರು, ಕೆಲವರಿಗೆ ತಾಯಿಯ ಕೈಯಲ್ಲೇ ಮೆಸೇಜು ಕಳಿಸಿದರು. ದನಿ ಕೇಳಿದ ಮಕ್ಕಳ ಮೈಯಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸೋಲ್ ಇಳಿಯಿತು, ಆಕ್ಸಿಟೋಸಿನ್ ಏರಿತು. ಮೆಸೇಜು ಓದಿದ ಮಕ್ಕಳು ತಾಯಿಯ ಸಂಪರ್ಕವೇ ಇಲ್ಲದವರ ಹಾಗೇ ಉಳಿದರು. ಮಾತು ಹೆಚ್ಚುಕಮ್ಮಿ ಅದೇ, ತಾಯಿಯೂ ಅವಳೇ. ‘ಓಂ ಶಾಂತಿ’ ಅಂತ ಗ್ರೂಪಿನಲ್ಲಿ ಹಾಕಿ ಕೈತೊಳೆದುಕೊಳ್ಳುವ ಮೊದಲು ಇದೊಂದು ನೆನಪಿರಲಿ.

7. ಅಮ್ಮನಿಗೆ ಒಂದು ಹೊತ್ತು ಗೊತ್ತುಮಾಡಿ, ‘ಊಟ ಆಯ್ತಾ?’ಗೆ ಪೂರ್ತಿ ಉತ್ತರ ಕೊಡಿ

1986ರಲ್ಲಿ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದೇ ಮಾಡಿದ 128 ಲೈನಿನ ಎಕ್ಸ್‌ಚೇಂಜನ್ನು ಮೊಟ್ಟಮೊದಲು ಕೂರಿಸಿದ್ದು ನಮ್ಮ ಕಿತ್ತೂರಿನಲ್ಲಿ. ಎ.ಸಿ. ಇಲ್ಲದೆ, ಬಿಸಿಲು ಧೂಳು ತಡೆದುಕೊಂಡು ನಡೆಯುವ ಯಂತ್ರ. ಆಮೇಲೆ ಅಂಥವು ಊರೂರಿಗೆ ಬಂದವು. ಮಧುಗಿರಿ ಕಡೆಯ ನಮ್ಮ ಊರಿಗೂ ಲೈನು ಬಂತು, ಎದುರುಮನೆಗೆ. ನಾನು ಆಗ ಇಲ್ಲಿ ಜಿಕೆವಿಕೆ ಹತ್ತಿರ ರೂಮಿನಲ್ಲಿದ್ದೆ. ರಾತ್ರಿ ಹನ್ನೊಂದಾದರೆ ಎಸ್‌ಟಿಡಿ ದರ ಕಾಲು ಪಾಲಿಗೆ ಇಳಿಯುತ್ತಿತ್ತು. ಶನಿವಾರ ಹತ್ತೂಮುಕ್ಕಾಲಿಗೇ ಬಳ್ಳಾರಿ ರಸ್ತೆಯ ಹಳದಿ ಬೂತಿನ ಮುಂದೆ ಸಾಲು. ಒಳಗೆ ಕೆಂಪು ಅಂಕಿ ಓಡುವ ಮೀಟರು. ಅದನ್ನೇ ನೋಡುತ್ತಾ ಮಾತಾಡಬೇಕು. ಆ ಕಡೆ ಅಮ್ಮ ಎದುರುಮನೆ ಜಗಲಿಯಲ್ಲಿ ಸೆರಗು ಹೊದ್ದು ಕಾದಿರುತ್ತಿದ್ದಳು. ಏನು ಹೇಳಬೇಕು ಅಂತ ವಾರವೆಲ್ಲ ಕೂಡಿಹಾಕಿಕೊಂಡಿರುತ್ತಿದ್ದಳಂತೆ. ಎಮ್ಮೆ ಕರು ಹಾಕಿದ್ದು ಮೊದಲೋ, ಅಣ್ಣನಿಗೆ ಜ್ವರ ಬಂದದ್ದು ಮೊದಲೋ ಅಂತ ಲೆಕ್ಕ.

ಈಗ ಮಾತಿಗೆ ಕಾಸಿಲ್ಲ, ಹೊತ್ತೂ ಗೊತ್ತಿಲ್ಲ. ‘ಫ್ರೀ ಆದಾಗ ಮಾಡ್ತೀನಮ್ಮಾ’ ಅಂತೇವೆ. ಅಮ್ಮ ಆ ‘ಫ್ರೀ’ಗಾಗಿ ದಿನವಿಡೀ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಾಳೆ. ಹೊತ್ತು ಗೊತ್ತುಮಾಡಿ. ರಾತ್ರಿ ಎಂಟೂಕಾಲು ಅಂದರೆ ಎಂಟೂಕಾಲು. ಉಳಿದ ಹೊತ್ತು ಅವಳಿಗೆ ಬಿಡುವು.

ಇನ್ನು ‘ಊಟ ಆಯ್ತಾ?’ ಅದಕ್ಕೆ ‘ಆಯ್ತು’ ಅಂದರೆ ಬಾಗಿಲು ಮುಚ್ಚಿದ ಹಾಗೆ. ‘ಆಯ್ತಮ್ಮ, ದಂಟಿನ ಸೊಪ್ಪಿನ ಬಸ್ಸಾರು, ಉಪ್ಪು ಜಾಸ್ತಿಯಾಗಿತ್ತು’ ಅನ್ನಿ. ‘ಇನ್ನೊಂದು ಹಿಡಿ ಬೇಳೆ ಬೇಯಿಸಿ ಹಾಕಬಾರದಿತ್ತೇನೋ?’ ಅಂತ ಶುರುವಾಗಿ ಊರಿನ ಸೊಪ್ಪು, ಬೋರಿನ ನೀರು, ಪಕ್ಕದ ಹೊಲದ ವ್ಯಾಜ್ಯ ಎಲ್ಲ ತಾವಾಗಿ ಬರುತ್ತವೆ.

8. ಹತ್ತು ವರ್ಷದಿಂದ ಮಾತಿಲ್ಲದ ಗೆಳೆಯನಿಗೆ ನೇರವಾಗಿ ಫೋನ್ ಮಾಡಿ

‘ಏನಂದುಕೊಳ್ತಾನೋ’ ಅಂತ ಎಲ್ಲರಿಗೂ ಅನಿಸುತ್ತದೆ. ಅಮಿತ್ ಕುಮಾರ್, ನಿಕೋಲಸ್ ಎಪ್ಲಿ ಅನ್ನುವ ಇಬ್ಬರು ಸಂಶೋಧಕರು 2021ರಲ್ಲಿ ಇದನ್ನೇ ಅಳೆದು ಬರೆದರು. ಹಳೆ ಗೆಳೆಯರಿಗೆ ಫೋನ್ ಮಾಡಿದರೆ ಮುಜುಗರ, ಈಮೇಲ್ ವಾಸಿ ಅಂತ ಜನ ಮೊದಲು ಊಹಿಸಿದ್ದರು. ಮಾಡಿ ನೋಡಿದಾಗ ಮುಜುಗರ ಎರಡರಲ್ಲೂ ಒಂದೇ, ಹತ್ತಿರವಾದ ಭಾವ ಫೋನಿನಲ್ಲೇ ಹೆಚ್ಚು. ನಾನು ಪ್ರಯತ್ನಿಸಿದಾಗ ಆ ಕಡೆಯಿಂದ ಬಂದ ಮೊದಲ ಮಾತು, ‘ಸಾಲ ಕೇಳಕ್ಕಲ್ಲ ತಾನೇ?’ ಆಮೇಲೆ ನಲವತ್ತು ನಿಮಿಷ ಹೋಯಿತು.

9. ಸ್ಪೀಕರಿಗೆ ಹಾಕಿದರೆ ಹೇಳಿ ಹಾಕಿ

‘ಅತ್ತೇನೂ ಇಲ್ಲೇ ಇದಾರೆ, ಸ್ಪೀಕರಲ್ಲಿ ಇದೀಯ’ ಅನ್ನುವ ಒಂದು ವಾಕ್ಯ ಎಷ್ಟು ಸಂಸಾರ ಉಳಿಸಿದೆಯೋ. ಬಸ್ಸಿನಲ್ಲಂತೂ ಬೇಡವೇ ಬೇಡ. 2021ರಲ್ಲಿ ಕೆಎಸ್‌ಆರ್‌ಟಿಸಿ ತನ್ನ ಬಸ್ಸುಗಳಲ್ಲಿ ಮೊಬೈಲ್ ಜೋರಾಗಿ ಹಾಕುವುದನ್ನು ನಿಷೇಧಿಸಿದೆ. ಅದು ಹಾಡಿಗೆ ಮಾತ್ರ ಅಂತ ನಮ್ಮವರು ತಿಳಿದಂತಿದೆ.

10. ಕೆಲವು ಕರೆಗಳಲ್ಲಿ ಮರ್ಯಾದೆ ಬಿಟ್ಟುಬಿಡಿ

‘ನಿಮ್ಮ ಪಾರ್ಸಲ್ಲಿನಲ್ಲಿ ಡ್ರಗ್ಸ್ ಸಿಕ್ಕಿದೆ, ವಿಡಿಯೋ ಕಾಲ್ ಆಫ್ ಮಾಡಬೇಡಿ, ಯಾರಿಗೂ ಹೇಳಬೇಡಿ.’ ಪೊಲೀಸರ ಸೋಗಿನಲ್ಲಿ ಬರುವ ಕರೆ ಇದು. ಅವರು ಹೇಳುವ ಡಿಜಿಟಲ್ ಅರೆಸ್ಟ್ ಅನ್ನುವುದು ನಮ್ಮ ಕಾನೂನಿನಲ್ಲಿ ಎಲ್ಲೂ ಇಲ್ಲ. ಮೋಸ ಹೋದವರು ದಡ್ಡರಲ್ಲ, ಸಭ್ಯರು. ಎದುರಿನವನು ಮಾತಾಡುತ್ತಿರುವಾಗ ಫೋನ್ ಇಡಬಾರದು ಅಂತ ಬೆಳೆದವರು. ಮನೆಯ ಹಿರಿಯರಿಗೆ ಕಲಿಸಬೇಕಾದದ್ದು ಆ್ಯಪ್ ಅಲ್ಲ, ಮಾತಿನ ನಡುವೆ ಕಟ್ ಮಾಡುವುದು. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಹೇಳಿದರೆ ಹಣ ದಾಟುವ ಮೊದಲೇ ಖಾತೆಯಲ್ಲಿ ತಡೆಯುವ ಸಾಧ್ಯತೆ ಅಷ್ಟು.

11. ‘ಇಡ್ಲಾ?’ ಅಂದ ಮೇಲೆ ಇಡಬೇಡಿ

ಇಂಗ್ಲಿಷಿನವರು ‘ಬೈ’ ಅಂದು ಇಟ್ಟುಬಿಡುತ್ತಾರೆ. ನಮಗೆ ಇನ್ನೊಬ್ಬರ ಅಪ್ಪಣೆ ಬೇಕು. ‘ಸರಿ... ಆಯ್ತು... ಇಡ್ಲಾ?’ ‘ಹೂಂ, ಇಡು.’ ‘ಸರಿ.’ ‘ಅಂದ ಹಾಗೆ...’ ಆ ‘ಅಂದ ಹಾಗೆ’ ಬರುವುದಕ್ಕೇ ಅಲ್ಲಿಯವರೆಗಿನ ಹದಿನೈದು ನಿಮಿಷ. ಅಮ್ಮ ಕಣ್ಣಿನ ಪೊರೆ ವಿಷಯ ಹೇಳಿದ್ದು ಇಡ್ಲಾ ಆದ ಮೇಲೆ. ತಂಗಿ ಗಂಡನ ಮನೆಯಿಂದ ಬಂದುಬಿಡುತ್ತೇನೆ ಅಂದದ್ದೂ ಇಡ್ಲಾ ಆದ ಮೇಲೆಯೇ. ಈಗ ನಾನು ಬೇಕೆಂದೇ ಇಡ್ಲಾ ಅನ್ನುವುದನ್ನು ಸ್ವಲ್ಪ ಮುಂಚೆ ಅನ್ನುತ್ತೇನೆ, ಆಮೇಲೆ ಉಳಿದದ್ದಕ್ಕೆ ಜಾಗ ಇರಲಿ ಅಂತ.

ಇದನ್ನು ನನಗಿಂತ ಚೆನ್ನಾಗಿ ಬಲ್ಲವರು ನಮ್ಮ ಎದುರಿನ ಅಪಾರ್ಟ್‌ಮೆಂಟಿನ ವಾಚ್‌ಮನ್. ಯಾದಗಿರಿ ಕಡೆಯವರು. ರಾತ್ರಿ ಒಂಬತ್ತಕ್ಕೆ ಪ್ಲಾಸ್ಟಿಕ್ ಕುರ್ಚಿಯನ್ನು ಗೇಟಿನ ಮೂಲೆಗೆ ಎಳೆದುಕೊಳ್ಳುತ್ತಾರೆ. ಸಿಗ್ನಲ್ ಅಲ್ಲಿ ಚೆನ್ನಾಗಿದೆಯಂತೆ. ಬಟನ್ ಫೋನು, ಹಿಂಬದಿಗೆ ರಬ್ಬರ್ ಬ್ಯಾಂಡು. ಬಾಲ್ಕನಿಯಲ್ಲಿ ಬಟ್ಟೆ ತೆಗೆಯುವಾಗ ನನಗೆ ಒಂದು ಕಡೆಯ ಮಾತಷ್ಟೇ ಕೇಳುತ್ತದೆ.

‘ಉಂಡ್ರೇನು?... ಮಳಿ ಆತೇನ?... ಹೌದಾ... ಸಣ್ಣಾವ ಸಾಲಿಗಿ ಹ್ವಾದ್ನಾ?... ಹ್ಞಾಂ... ಇಡ್ತೀನಿ ಮತ್ತ.’

ಇಡುವುದಿಲ್ಲ. ಕುರ್ಚಿಯಿಂದ ಎದ್ದು ಗೇಟಿನವರೆಗೆ ಹೋಗಿ ಬರುತ್ತಾರೆ.

‘ಮತ್ತ?’

ಆ ಕಡೆ ಏನೋ ಬರುತ್ತದೆ. ಒಂದು ಕಾರು ಬಂದು ಹಾರ್ನ್ ಹೊಡೆಯುತ್ತದೆ, ಫೋನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಗೇಟು ತೆಗೆಯುತ್ತಾರೆ, ಮುಚ್ಚುತ್ತಾರೆ, ಬಂದು ಕೂರುತ್ತಾರೆ.

‘ಇಡ್ತೀನಿ ನೋಡು... ಹೂಂ... ಇಡ್ತೀನಿ... ಮತ್ತ?’