ಮರೆತುಬಿಡು ಅಂದರೆ ಮಿದುಳು ಕೇಳುತ್ತಾ?

ಪ್ರೀತಿ ಮುರಿದುಬಿದ್ದವರಿಗೆ ನಾವೆಲ್ಲ ಹೇಳೋ ಮಾತು ಒಂದೇ: "ಬಿಟ್ಟಾಕು, ಮರೆತುಬಿಡು." ಅದು ಅಷ್ಟು ಸುಲಭವಾ? ಇವತ್ತು ನೋಡೋಣ.

2005ರಲ್ಲಿ ಅಮೆರಿಕದ ಆರ್ಥರ್ ಆರಾನ್, ಹೆಲೆನ್ ಫಿಶರ್, ಲೂಸಿ ಬ್ರೌನ್ ಮತ್ತು ತಂಡದವರು ಹೊಸದಾಗಿ ಪ್ರೀತಿಗೆ ಬಿದ್ದ 17 ಜನರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಅವರ ಪ್ರೇಮಿಯ ಫೋಟೋ ತೋರಿಸಿದರು. ಆಗ ಚುರುಕಾದದ್ದು ನಡುಮಿದುಳಿನ ವಿಟಿಎ ಅನ್ನೋ ಪುಟ್ಟ ಭಾಗ. ಇಲ್ಲಿನ ನರಕೋಶಗಳು ಡೋಪಮಿನ್ ತಯಾರಿಸುತ್ತವೆ. ಡೋಪಮಿನ್ನನ್ನು ನಾವು ಖುಷಿಯ ರಾಸಾಯನಿಕ ಅಂತೀವಿ. ಆದರೆ 'ಬೇಕು' ಅನ್ನಿಸೋದರಲ್ಲೇ ಅದರ ಪಾತ್ರ ದೊಡ್ಡದು. ಹಸಿದಾಗ ಊಟದ ಕಡೆ ಎಳೆಯೋದೂ ಇದೇ ವ್ಯವಸ್ಥೆ.

2010ರಲ್ಲಿ ಅದೇ ತಂಡ, ಪ್ರೀತಿಸಿದವರು ಬಿಟ್ಟುಹೋಗಿದ್ದ 15 ಜನರ ಮಿದುಳನ್ನು ನೋಡಿತು. ಫೋಟೋ ಕಂಡ ಕೂಡಲೇ ಅದೇ ವಿಟಿಎ ಚುರುಕಾಯಿತು, ಜೊತೆಗೆ ಕೊಕೇನ್ ಚಟದ ಹಂಬಲದಲ್ಲಿ ಕಾಣೋ ಭಾಗಗಳೂ. ಸಂಬಂಧ ಮುಗಿದಿತ್ತು, 'ಬೇಕು' ಮುಗಿದಿರಲಿಲ್ಲ. ಆದರೆ ಬೇರೆಯಾಗಿ ಹೆಚ್ಚು ದಿನ ಕಳೆದವರಲ್ಲಿ, ನಂಟಿಗೆ ಸಂಬಂಧಪಟ್ಟ ಒಂದು ಭಾಗ ಸ್ವಲ್ಪ ಶಾಂತವಾಗಿತ್ತು.

ಅಧ್ಯಯನ ಚಿಕ್ಕದು, ನಿಜ. ಆದರೂ ಮುಂದಿನ ಸಲ ಗೆಳೆಯನೊಬ್ಬ ರಾತ್ರಿ ಫೋನ್ ಮಾಡಿ ಅತ್ತರೆ, "ಮರೆತುಬಿಡು" ಅನ್ನೋದು ಬೇಡ. "ಟೈಮ್ ಹಿಡಿಯುತ್ತೆ ಕಣೋ, ನಾವಿದೀವಿ" ಅನ್ನೋಣ. ಮತ್ತೆ ಸಿಗೋಣ.